ನೆಲಕ್ಕೆ ಬಾರದ ಕಣವನ್ನು ನೆಲದ ಮೇಲೆ ತೂಗುವುದು ಹೇಗೆ?

ಊಟಿಯ ಗುಡ್ಡದ ಮೇಲೆ, ಸಮುದ್ರ ಮಟ್ಟದಿಂದ 2,200 ಮೀಟರ್ ಎತ್ತರದಲ್ಲಿ, ಸುಮಾರು 400 ಪೆಟ್ಟಿಗೆಗಳು ಹಗಲು ರಾತ್ರಿ ಎನ್ನದೆ ಕಾಯುತ್ತಾ ಕೂತಿವೆ. ಒಂದರಿಂದ ಇನ್ನೊಂದಕ್ಕೆ 8 ಮೀಟರ್ ದೂರ. ಪ್ರತಿ ಪೆಟ್ಟಿಗೆಯ ಒಳಗೆ ಒಂದು ಚದರ ಮೀಟರ್ ಅಳತೆಯ ಪ್ಲಾಸ್ಟಿಕ್ ಹಲಗೆ. ವಿದ್ಯುದಂಶ ಇರುವ ಕಣ ಹಾದುಹೋದರೆ ಈ ಪ್ಲಾಸ್ಟಿಕ್ ಕ್ಷಣಮಾತ್ರ ಮಿನುಗುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಜಪಾನಿನ ವಿಜ್ಞಾನಿಗಳ ಜೊತೆ ಸೇರಿ ನಡೆಸುತ್ತಿರುವ ಪ್ರಯೋಗ ಇದು. ಹೆಸರು ಗ್ರೇಪ್ಸ್-3. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಶಕ್ತಿ ಎಷ್ಟು ಅಂತ ಅಳೆಯುವುದು ಇದರ ಕೆಲಸಗಳಲ್ಲಿ ಒಂದು.

ಆದರೆ ಅಳೆಯಬೇಕಾದ ಆ ಕಣ ಈ ಪೆಟ್ಟಿಗೆಗಳ ಹತ್ತಿರಕ್ಕೂ ಬರುವುದಿಲ್ಲ. ಹದಿನೈದು ಇಪ್ಪತ್ತು ಕಿಲೋಮೀಟರ್ ಮೇಲೆಯೇ ಗಾಳಿಯ ಯಾವುದೋ ಅಣುವಿಗೆ ಬಡಿದು ಅದರ ಕಥೆ ಮುಗಿದಿರುತ್ತದೆ. ಊಟಿಗೆ ತಲುಪುವುದು ಆ ಬಡಿತದಿಂದ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

2024ರ ಆರಂಭದಲ್ಲಿ ಈ ತಂಡ ಒಂದು ಫಲಿತಾಂಶ ಪ್ರಕಟಿಸಿತು. ಕಾಸ್ಮಿಕ್ ಕಿರಣಗಳಲ್ಲಿರುವ ಪ್ರೋಟಾನ್‌ಗಳ ಲೆಕ್ಕದಲ್ಲಿ, ಸುಮಾರು 166 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಹತ್ತಿರ, ಯಾರೂ ನಿರೀಕ್ಷಿಸದ ಒಂದು ಬಾಗು ಕಾಣುತ್ತಿದೆ ಎಂದು. ಎಲೆಕ್ಟ್ರಾನ್ ವೋಲ್ಟ್ ಅಂದರೆ ಕಣಗಳ ಶಕ್ತಿ ಅಳೆಯುವ ಮಾನ, ಟೆರಾ ಅಂದರೆ ಲಕ್ಷ ಕೋಟಿ. ಜಿನೀವಾದ ಹತ್ತಿರದ ದೊಡ್ಡ ಕಣವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಒಂದು ಪ್ರೋಟಾನ್‌ಗೆ ಸಿಗುವ ಶಕ್ತಿ ಸುಮಾರು 7 ಟೆರಾ. (ಇನ್ನು ಮುಂದೆ ‘ಎಲೆಕ್ಟ್ರಾನ್ ವೋಲ್ಟ್’ ಬಿಟ್ಟು ಸುಮ್ನೆ ‘ಟೆರಾ’ ಎನ್ನುತ್ತೇನೆ. ಸಾವಿರ ಟೆರಾಕ್ಕೆ ಒಂದು ‘ಪೆಟಾ’, ಸಾವಿರ ಪೆಟಾಕ್ಕೆ ಒಂದು ‘ಎಕ್ಸಾ’.)

ಸುದ್ದಿ ಪತ್ರಿಕೆಗಳಲ್ಲಿ ಇದು ಬಂದು ಹೋಯಿತು. ಆದರೆ ಆ 166 ಎಂಬ ಸಂಖ್ಯೆ ಹೇಗೆ ಬಂತು, ಅದನ್ನು ಎಷ್ಟು ನಂಬಬಹುದು ಎನ್ನುವುದು ಅಷ್ಟಾಗಿ ಚರ್ಚೆಯಾಗಲಿಲ್ಲ. ನನಗೆ ಬಾಗಿಗಿಂತ ಅದನ್ನು ಅಳೆದ ತಕ್ಕಡಿಯ ಬಗ್ಗೆಯೇ ಜಾಸ್ತಿ ಹೇಳಬೇಕಿದೆ. ಏಕೆಂದರೆ ಈ ಕ್ಷೇತ್ರದಲ್ಲಿ ಒಮ್ಮೆ ತಕ್ಕಡಿಯ ಮುಳ್ಳು ಸ್ವಲ್ಪ ಸರಿದಿದ್ದಕ್ಕೆ ಭೌತಶಾಸ್ತ್ರವೇ ಸರಿದಂತೆ ಕಂಡಿತ್ತು.

ಇಳಿಜಾರು

ಕಾಸ್ಮಿಕ್ ಕಿರಣ ಅಂದರೆ ಕಿರಣವಲ್ಲ, ಕಣ. ಹೆಚ್ಚಿನವು ಪ್ರೋಟಾನ್‌ಗಳು. ಉಳಿದಂತೆ ಹೀಲಿಯಂ, ಇಂಗಾಲ, ಆಮ್ಲಜನಕ, ಕಬ್ಬಿಣದಂತಹ ಧಾತುಗಳ ಬೀಜಕಣಗಳು. 1912ರಲ್ಲಿ ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರ್‌ಗೂ ಮೇಲೇರಿ, ಮೇಲೆ ಹೋದಂತೆ ವಿಕಿರಣ ಹೆಚ್ಚುತ್ತದೆ ಎಂದು ತೋರಿಸಿದಾಗ ಇವುಗಳ ಇರವು ಗೊತ್ತಾಯಿತು. ಅದಕ್ಕಾಗಿ ಅವರಿಗೆ 1936ರಲ್ಲಿ ನೊಬೆಲ್ ಸಿಕ್ಕಿತು.

ಯಾವ ಶಕ್ತಿಯ ಕಣಗಳು ಎಷ್ಟು ಬರುತ್ತವೆ ಎಂಬ ಪಟ್ಟಿಯೇ ಶಕ್ತಿ ಸ್ಪೆಕ್ಟ್ರಮ್. ಕನ್ನಡದಲ್ಲಿ ರೋಹಿತ ಎಂದೂ ಬರೆಯುತ್ತಾರೆ. ಪಟ್ಟಿಯನ್ನು ಗೆರೆಯಾಗಿ ಎಳೆದರೆ ಅದು ಕಡಿದಾದ ಇಳಿಜಾರು. ಶಕ್ತಿ ಹತ್ತು ಪಟ್ಟು ಏರಿದರೆ, ಅದಕ್ಕಿಂತ ಮೇಲಿನ ಕಣಗಳ ಸಂಖ್ಯೆ ಸುಮಾರು ಐವತ್ತು ಪಟ್ಟು ಇಳಿಯುತ್ತದೆ. ಈ ಕಾರಣಕ್ಕೇ ಅಳೆಯುವ ಸಾಧನಗಳು ಎರಡು ಪಂಗಡವಾಗಿವೆ. ಒಂದು ಟೆರಾದ ಹತ್ತನೇ ಒಂದು ಭಾಗದಷ್ಟು ಶಕ್ತಿಯ ಕಣ ಒಂದು ಚದರ ಮೀಟರಿಗೆ ಸೆಕೆಂಡಿಗೆ ಒಂದರಂತೆ ಬರುತ್ತದೆ. ಅದನ್ನು ಹಿಡಿಯಲು ಉಪಗ್ರಹದ ಮೇಲೆ ಒಂದು ಪೆಟ್ಟಿಗೆ ಸಾಕು. ಕೆಲವು ಪೆಟಾ ಶಕ್ತಿಯ ಕಣ ಅದೇ ಚದರ ಮೀಟರಿಗೆ ವರ್ಷಕ್ಕೆ ಒಂದು. 100 ಎಕ್ಸಾ ಶಕ್ತಿಯದು ಒಂದು ಚದರ ಕಿಲೋಮೀಟರಿಗೆ ಶತಮಾನಕ್ಕೆ ಒಂದು. ಅಷ್ಟು ದೊಡ್ಡ ಬಲೆಯನ್ನು ಯಾವ ರಾಕೆಟ್ಟೂ ಹೊತ್ತೊಯ್ಯಲಾರದು. ಆಗ ಉಳಿಯುವುದು ನೆಲ ಒಂದೇ.

ಉಪಗ್ರಹದ ಪೆಟ್ಟಿಗೆಗೆ ಒಂದು ದೊಡ್ಡ ಅನುಕೂಲವಿದೆ. ಬಂದ ಕಣವೇ ಅದರೊಳಗೆ ಹೊಕ್ಕುತ್ತದೆ. ಅದು ಪ್ರೋಟಾನೋ ಕಬ್ಬಿಣವೋ ಎಂದು ನೇರವಾಗಿ ಗೊತ್ತಾಗುತ್ತದೆ. ನೆಲದವರಿಗೆ ಆ ಭಾಗ್ಯ ಇಲ್ಲ. ಆದರೆ ಎಷ್ಟು ಬೇಕೋ ಅಷ್ಟು ಜಾಗ ಇದೆ, ತಲೆಯ ಮೇಲೆ ಉಚಿತವಾಗಿ ಸಿಕ್ಕ ಒಂದು ದೊಡ್ಡ ಉಪಕರಣವೂ ಇದೆ. ಅದೇ ವಾತಾವರಣ.

ಮಳೆ

ಸಮುದ್ರ ಮಟ್ಟದಲ್ಲಿ ನಿಂತವರ ತಲೆಯ ಮೇಲಿರುವ ಗಾಳಿಯ ಕಂಬದ ತೂಕ ಹತ್ತು ಮೀಟರ್ ಆಳದ ನೀರಿಗೆ ಸಮ. ಈ ಗಾಳಿಗೆ ಬಡಿದ ಪ್ರೋಟಾನ್ ಹತ್ತಾರು ಹೊಸ ಕಣಗಳನ್ನು ಚೆಲ್ಲುತ್ತದೆ. ಅವುಗಳಲ್ಲಿ ಕೆಲವು ಗಾಮಾ ಕಿರಣಗಳಾಗುತ್ತವೆ. ಗಾಮಾ ಒಡೆದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿ. ಅವು ಮತ್ತೆ ಗಾಮಾ ಹೊರಸೂಸುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಮಳೆ ಬೆಳೆಯುತ್ತದೆ. ಪ್ರತಿ ಕಣದ ಪಾಲಿನ ಶಕ್ತಿ ಕರಗುತ್ತಾ ಹೋಗಿ, ಇನ್ನು ಒಡೆಯಲು ಸಾಲದು ಎನ್ನುವ ಮಟ್ಟಕ್ಕೆ ಬಂದಾಗ ಮಳೆ ತನ್ನ ತುಟ್ಟತುದಿ ಮುಟ್ಟುತ್ತದೆ. ಆಮೇಲೆ ಕುಗ್ಗುತ್ತದೆ. ಹೀಗೆ ಇಮ್ಮಡಿಯಾಗುವ ಲೆಕ್ಕವನ್ನು 1937ರಲ್ಲಿ ಬರೆದವರಲ್ಲಿ ಹೋಮಿ ಭಾಭಾ ಒಬ್ಬರು. ಇನ್ನೊಬ್ಬರು ವಾಲ್ಟರ್ ಹೈಟ್ಲರ್. ಎರಡು ವರ್ಷದ ನಂತರ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಟಿಐಎಫ್‌ಆರ್ 1945ರಲ್ಲಿ ಶುರುವಾಗಿದ್ದೂ ಅಲ್ಲಿಯೇ.

ಆ ಲೆಕ್ಕದ ಸಾರ ಸರಳ. ತುಟ್ಟತುದಿಯಲ್ಲಿ ಕಣಗಳ ಸಂಖ್ಯೆ ಮೂಲ ಕಣದ ಶಕ್ತಿಗೆ ತಕ್ಕಂತೆ ಇರುತ್ತದೆ. ಎರಡು ಪಟ್ಟು ಶಕ್ತಿಗೆ ಎರಡು ಪಟ್ಟು ಕಣಗಳು. ಅಂದಮೇಲೆ ಕಣಗಳನ್ನು ಎಣಿಸಿದರೆ ಶಕ್ತಿ ಗೊತ್ತಾಯಿತು, ಅಲ್ವಾ?

ಅಷ್ಟು ಸುಲಭವಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಊಟಿಯಲ್ಲಿ ಏನಾಗುತ್ತದೆ ನೋಡಿ. ಮಳೆ ನೆಲಕ್ಕೆ ಬರುವುದು ಒಂದು ತೆಳ್ಳನೆಯ ತಟ್ಟೆಯಂತೆ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ. ತಟ್ಟೆ ಓರೆಯಾಗಿದ್ದರೆ ಒಂದು ಬದಿಯ ಪೆಟ್ಟಿಗೆಗಳು ಮೊದಲು ಮಿನುಗುತ್ತವೆ, ಇನ್ನೊಂದು ಬದಿಯವು ಕೆಲವು ನ್ಯಾನೋ ಸೆಕೆಂಡ್ ತಡವಾಗಿ. ಬೆಳಕು ಒಂದು ನ್ಯಾನೋ ಸೆಕೆಂಡಿನಲ್ಲಿ ಹೋಗುವುದು ಕೇವಲ 30 ಸೆಂಟಿಮೀಟರ್. ಅಷ್ಟು ಸೂಕ್ಷ್ಮವಾಗಿ ಸಮಯ ಅಳೆದು ಮಳೆ ಬಂದ ದಿಕ್ಕನ್ನು ಕಂಡುಹಿಡಿಯುತ್ತಾರೆ. ಎಲ್ಲಿ ಕಣಗಳು ದಟ್ಟವಾಗಿವೆಯೋ ಅಲ್ಲಿ ಮಳೆಯ ನಡುಭಾಗ. ಅಲ್ಲಿಂದ ದೂರ ಹೋದಂತೆ ಕಣಗಳು ಎಷ್ಟು ಬೇಗ ವಿರಳವಾಗುತ್ತವೆ ಎಂದು ನೋಡಿ, ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಬಿದ್ದವನ್ನೂ ಸೇರಿಸಿ ಒಟ್ಟು ಸಂಖ್ಯೆ ಅಂದಾಜು ಮಾಡುತ್ತಾರೆ.

ಒಂದು ಪೆಟ್ಟಿಗೆ ಇಷ್ಟು ಮಿನುಗಿದರೆ ಇಷ್ಟು ಕಣ ಎಂದು ಹೇಳಲು ಒಂದು ಅಳತೆಗಲ್ಲು ಬೇಕು. ಅದನ್ನೂ ಆಕಾಶವೇ ಕೊಡುತ್ತದೆ. ಸದಾ ಸುರಿಯುತ್ತಿರುವ ಒಂಟಿ ಮ್ಯೂಯಾನ್ ಕಣಗಳು (ಎಲೆಕ್ಟ್ರಾನಿನಂಥವೇ, ಆದರೆ ಅದಕ್ಕಿಂತ ಭಾರದವು) ಪ್ಲಾಸ್ಟಿಕ್ಕನ್ನು ಹಾದುಹೋಗುವಾಗ ಬಿಡುವ ಬೆಳಕು ಹೆಚ್ಚುಕಡಿಮೆ ಒಂದೇ ಅಳತೆಯದು. ಗುಡ್ಡದ ಮೇಲೆ ಹಗಲಿನ ಬಿಸಿಲಿಗೂ ರಾತ್ರಿಯ ಚಳಿಗೂ ಉಪಕರಣದ ಸೂಕ್ಷ್ಮತೆ ಬದಲಾಗುತ್ತದೆ. ಆಗೆಲ್ಲ ಈ ಮ್ಯೂಯಾನ್‌ಗಳನ್ನೇ ನೋಡಿ ತಕ್ಕಡಿಯನ್ನು ಸರಿಮಾಡಿಕೊಳ್ಳುತ್ತಾರೆ. ಅಳೆಯಬೇಕಾದ ಮಳೆಯ ಹನಿಯೇ ಅಳತೆಗಲ್ಲು ಆಗುವುದು ನನಗೆ ಈ ವಿಜ್ಞಾನದ ಅತಿ ಚೆಂದದ ಉಪಾಯ ಎನಿಸುತ್ತದೆ.

ಇಷ್ಟಾದರೂ ಎರಡು ಕಷ್ಟ ಉಳಿಯುತ್ತವೆ. ಮೊದಲನೆಯದು, ಒಂದೇ ಶಕ್ತಿಯ ಎರಡು ಪ್ರೋಟಾನ್‌ಗಳು ಒಂದೇ ತರಹದ ಮಳೆ ಸುರಿಸುವುದಿಲ್ಲ. ಒಂದು ಎತ್ತರದಲ್ಲೇ ಬಡಿಯಬಹುದು, ಇನ್ನೊಂದು ಸ್ವಲ್ಪ ಕೆಳಗೆ ಬಂದು ಬಡಿಯಬಹುದು. ಊಟಿಗೆ ತಲುಪುವಾಗ ಮೊದಲನೆಯದು ಬಳಲಿರುತ್ತದೆ, ಎರಡನೆಯದು ಇನ್ನೂ ತುಂಬಿಕೊಂಡಿರುತ್ತದೆ. ಇದರಿಂದ ಏನು ತೊಂದರೆ ಎಂದು ತಿಳಿಯಲು ಹಾಸನದ ಕಡೆಯ ಒಂದು ಆಲೂಗಡ್ಡೆ ರಾಶಿ ನೆನೆಸಿಕೊಳ್ಳಿ. ಸಣ್ಣ ಗಡ್ಡೆಗಳು ಮೂಟೆ ಮೂಟೆ, ದಪ್ಪದವು ಬೆರಳೆಣಿಕೆ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಅಂದಾಜಿನ ಮೇಲೆ ತೂಕ ಹೇಳಬೇಕು. ಅಂದಾಜು ಒಮ್ಮೆ ಹೆಚ್ಚಾಗಬಹುದು, ಒಮ್ಮೆ ಕಡಿಮೆಯಾಗಬಹುದು. ದಪ್ಪ ಗಡ್ಡೆ ತಪ್ಪಿ ಸಣ್ಣದರ ಗುಂಪಿಗೆ ಹೋಗುವುದು ಒಂದೋ ಎರಡೋ. ಸಣ್ಣದು ತಪ್ಪಿ ದಪ್ಪದರ ಗುಂಪಿಗೆ ಬರುವುದು ಬುಟ್ಟಿಗಟ್ಟಲೆ, ಏಕೆಂದರೆ ಅವೇ ಜಾಸ್ತಿ ಇರುವುದು. ಕೊನೆಗೆ ದಪ್ಪ ಗಡ್ಡೆಗಳ ಲೆಕ್ಕ ಉಬ್ಬಿಕೊಂಡಿರುತ್ತದೆ. ಯಾರೂ ಮೋಸ ಮಾಡಿಲ್ಲ. ಇಳಿಜಾರು ಕಡಿದಾಗಿರುವುದೇ ಇದಕ್ಕೆ ಕಾರಣ. ಕಾಸ್ಮಿಕ್ ಕಿರಣಗಳಲ್ಲಿ ಇದೇ ಆಗುತ್ತದೆ. ಅಂದಾಜಿನ ಏರಿಳಿತ ಎಷ್ಟು ಎಂದು ಚೆನ್ನಾಗಿ ತಿಳಿದುಕೊಂಡು, ಉಬ್ಬನ್ನು ಹಿಂದಕ್ಕೆ ಬಿಚ್ಚಿ, ಮೂಲ ಲೆಕ್ಕವನ್ನು ಹೊರತೆಗೆಯಬೇಕು. ಈ ಬಿಚ್ಚುವ ಕೆಲಸದಲ್ಲಿ ಒಂದಿಷ್ಟು ಎಡವಿದರೆ ಇಲ್ಲದ ಬಾಗು ಕಾಣಿಸಬಹುದು, ಇರುವ ಬಾಗು ಮಾಯವಾಗಬಹುದು.

ಎರಡನೆಯ ಕಷ್ಟ ಇನ್ನೂ ಆಳದ್ದು. ಬಂದದ್ದು ಪ್ರೋಟಾನೋ ಕಬ್ಬಿಣವೋ ಗೊತ್ತಿಲ್ಲ. ಕಬ್ಬಿಣದ ಬೀಜಕಣದಲ್ಲಿ 56 ಕಣಗಳ ಗಂಟು ಇರುತ್ತದೆ. ಅದು ಬೇಗ ಬಿಚ್ಚಿಕೊಳ್ಳುತ್ತದೆ. 56 ಪುಟ್ಟ ಮಳೆಗಳು ಒಟ್ಟಿಗೆ ಸುರಿದಂತೆ, ಎತ್ತರದಲ್ಲೇ ತುದಿ ಮುಟ್ಟಿ, ನೆಲಕ್ಕೆ ಬರುವಾಗ ಎಲೆಕ್ಟ್ರಾನ್‌ಗಳು ಕಡಿಮೆಯಾಗಿರುತ್ತವೆ. ಎಲೆಕ್ಟ್ರಾನ್ ಎಣಿಸಿ ಶಕ್ತಿ ಹೇಳಿದರೆ ಕಬ್ಬಿಣಕ್ಕೆ ಅನ್ಯಾಯವಾಗುತ್ತದೆ.

ಇಲ್ಲಿ ಕೈಹಿಡಿಯುವುದು ಮ್ಯೂಯಾನ್. ಒಂದೇ ಶಕ್ತಿಗೆ ಕಬ್ಬಿಣದ ಮಳೆಯಲ್ಲಿ ಪ್ರೋಟಾನ್ ಮಳೆಗಿಂತ ಸುಮಾರು ಒಂದೂವರೆ ಪಟ್ಟು ಮ್ಯೂಯಾನ್‌ಗಳಿರುತ್ತವೆ. ಮ್ಯೂಯಾನ್ ಗಟ್ಟಿ ಕಣ. ಎಲೆಕ್ಟ್ರಾನ್ ನಿಂತುಹೋಗುವ ಕಾಂಕ್ರೀಟಿನ ಅಡಿಯಲ್ಲೂ ಅದು ನುಗ್ಗಿ ಬರುತ್ತದೆ. ಅದಕ್ಕೇ ಗ್ರೇಪ್ಸ್-3ರ ಪೆಟ್ಟಿಗೆಗಳ ಪಕ್ಕದಲ್ಲಿ ಎರಡು ಮೀಟರ್ ದಪ್ಪದ ಕಾಂಕ್ರೀಟಿನ ಕೆಳಗೆ ಒಂದು ಮ್ಯೂಯಾನ್ ದೂರದರ್ಶಕ ಇದೆ. ಅನಿಲ ತುಂಬಿದ, ಆರು ಮೀಟರ್ ಉದ್ದದ 3,712 ಕಬ್ಬಿಣದ ಕೊಳವೆಗಳನ್ನು ನಾಲ್ಕು ಪದರಗಳಲ್ಲಿ ಜೋಡಿಸಿದ್ದಾರೆ. ಒಟ್ಟು ಹರವು 560 ಚದರ ಮೀಟರ್.

ಮ್ಯೂಯಾನ್ ಎಣಿಸುವ ಈ ಪಾಠಕ್ಕೆ ನಮ್ಮ ಕೋಲಾರದ ನೆಲದಲ್ಲಿ ಬೇರುಗಳಿವೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಭಾಭಾ ಅವರ ಮಾತಿನಂತೆ ಕೋಲಾರದ ಚಿನ್ನದ ಗಣಿಗೆ ಇಳಿದರು. ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯೂಯಾನ್‌ಗಳು ಉಳಿಯುತ್ತವೆ ಎಂದು ಅಳೆದರು. ಅದೇ ಗಣಿಯ ಇನ್ನೂ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಕೆಳಗೆ, ಗಾಳಿಯಲ್ಲಿ ಹುಟ್ಟಿದ, ಬಂಡೆಯನ್ನೂ ಸಲೀಸಾಗಿ ದಾಟುವ ನ್ಯೂಟ್ರಿನೋ ಎಂಬ ಕಣಗಳ ಗುರುತು 1965ರಲ್ಲಿ ಸಿಕ್ಕಿತು. ಮುಂದೆ ಶ್ರೀಕಂಠನ್ ಟಿಐಎಫ್‌ಆರ್‌ನ ನಿರ್ದೇಶಕರಾದರು. ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನದ ಕಥೆ ಎಲ್ಲರಿಗೂ ಗೊತ್ತು. ಈ ಕಥೆಯೂ ಕೆಜಿಎಫ್ ಹೆಸರಿನ ಜೊತೆ ನಮ್ಮ ಶಾಲೆಯ ಮಕ್ಕಳ ಬಾಯಿಗೆ ಬರಬೇಕು ಎಂದು ನನಗೆ ತುಂಬಾ ಅನಿಸುತ್ತದೆ.

ತಕ್ಕಡಿಯ ಮುಳ್ಳು ಸರಿದಾಗ

ಶಕ್ತಿಯನ್ನು ಶೇ 20ರಷ್ಟು ಹೆಚ್ಚಾಗಿ ಅಂದಾಜು ಮಾಡಿದೆವು ಎಂದುಕೊಳ್ಳಿ. ಸಣ್ಣ ತಪ್ಪು ಎನಿಸುತ್ತದೆ. ಆದರೆ ಇಳಿಜಾರು ಕಡಿದಾಗಿರುವುದರಿಂದ, ಒಂದು ಮಟ್ಟಕ್ಕಿಂತ ಮೇಲಿನ ಕಣಗಳ ಸಂಖ್ಯೆ ಶೇ 35ಕ್ಕೂ ಜಾಸ್ತಿ ಉಬ್ಬುತ್ತದೆ. ಈ ಉಬ್ಬು ಒಮ್ಮೆ ದೊಡ್ಡ ವಿವಾದಕ್ಕೇ ಕಾರಣವಾಯಿತು.

1966ರಲ್ಲಿ ಅಮೆರಿಕದ ಗ್ರೈಸನ್, ಸೋವಿಯತ್ ಒಕ್ಕೂಟದ ಝಾಟ್ಸೆಪಿನ್ ಮತ್ತು ಕುಜ್ಮಿನ್ ಒಂದು ಲೆಕ್ಕ ಹಾಕಿದ್ದರು. ಬ್ರಹ್ಮಾಂಡದ ತುಂಬ ಹರಡಿರುವ ಮಂದ ಮೈಕ್ರೋವೇವ್ ಬೆಳಕಿಗೆ ಬಡಿದು, 50 ಎಕ್ಸಾಕ್ಕಿಂತ ಮೇಲಿನ ಪ್ರೋಟಾನ್‌ಗಳು ದಾರಿಯಲ್ಲೇ ಶಕ್ತಿ ಕಳೆದುಕೊಳ್ಳಬೇಕು. ದೂರದ ಗ್ಯಾಲಕ್ಸಿಗಳಿಂದ ಅವು ನಮ್ಮನ್ನು ತಲುಪಬಾರದು. ಸ್ಪೆಕ್ಟ್ರಮ್ ಅಲ್ಲಿ ಥಟ್ಟನೆ ಕುಸಿಯಬೇಕು. ಆದರೆ ಜಪಾನಿನ ಅಕೆನೋದಲ್ಲಿ 100 ಚದರ ಕಿಲೋಮೀಟರ್ ಹರಡಿದ್ದ ಅಗಾಸಾ ಎಂಬ ಡಿಟೆಕ್ಟರ್ ಗುಂಪು, 100 ಎಕ್ಸಾ ದಾಟಿದ 11 ಮಳೆಗಳನ್ನು ಕಂಡಿದ್ದೇವೆ, ಕುಸಿತ ಕಾಣುತ್ತಿಲ್ಲ ಎಂದಿತು. ಇದನ್ನು ವಿವರಿಸಲು ಸಿದ್ಧಾಂತಿಗಳು ಹೊಸ ಹೊಸ ಭೌತಶಾಸ್ತ್ರವನ್ನೇ ಹುಡುಕಿದರು. ಸಾಪೇಕ್ಷತಾ ಸಿದ್ಧಾಂತವೇ ಇಲ್ಲಿ ಸ್ವಲ್ಪ ತಪ್ಪಬಹುದೇ ಎಂಬ ಪ್ರಶ್ನೆಯೂ ಬಂತು. ಇತ್ತ ಅಮೆರಿಕದ ಯೂಟಾ ಮರುಭೂಮಿಯ ಹೈರೆಸ್ ಪ್ರಯೋಗ ಕುಸಿತ ಇದೆ ಎಂದಿತು.

ಇಬ್ಬರ ತಕ್ಕಡಿಗಳೂ ಬೇರೆ. ಅಗಾಸಾ ನೆಲದ ಪೆಟ್ಟಿಗೆಗಳಲ್ಲಿ ಕಣಗಳನ್ನು ಅಳೆದು, ಕಂಪ್ಯೂಟರ್ ಮಾದರಿಯ ಸಹಾಯದಿಂದ ಶಕ್ತಿ ಹೇಳುತ್ತಿತ್ತು. ಹೈರೆಸ್ ಮಾತ್ರ ಆಕಾಶವನ್ನೇ ನೋಡುತ್ತಿತ್ತು. ಮಳೆ ಸುರಿಯುವಾಗ ಗಾಳಿಯ ಸಾರಜನಕ ಮಂದವಾಗಿ, ನೇರಳಾತೀತದಲ್ಲಿ ಹೊಳೆಯುತ್ತದೆ. ಆ ಹೊಳಪು ಮಳೆ ಗಾಳಿಯಲ್ಲಿ ಸುರಿದ ಶಕ್ತಿಗೆ ತಕ್ಕಷ್ಟು. ಮೊದಲ ಬಡಿತದಲ್ಲಿ ಏನಾಯಿತು ಎಂಬ ಊಹೆಯ ಮೇಲೆ ಈ ಅಳತೆ ಅಷ್ಟಾಗಿ ನಿಂತಿಲ್ಲ. ಕೊರತೆ ಒಂದೇ. ತಿಂಗಳ ಬೆಳಕಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಮಾತ್ರ ಇದು ಸಾಧ್ಯ. ಒಟ್ಟು ಸಮಯದ ಏಳನೇ ಒಂದು ಭಾಗವೂ ಸಿಗುವುದು ಕಷ್ಟ.

ವಿವಾದ ಬಗೆಹರಿಸಿದ್ದು ಎರಡನ್ನೂ ಒಂದೇ ಜಾಗದಲ್ಲಿ ಕೂಡಿಸಿದ ಪ್ರಯೋಗ. ಅರ್ಜೆಂಟೀನಾದ ಮಲಾರ್ಗ್ವೆ ಊರಿನ ಹತ್ತಿರದ ಬಯಲಿನಲ್ಲಿ, 3,000 ಚದರ ಕಿಲೋಮೀಟರ್ ಹರವಿನಲ್ಲಿ, ಒಂದೂವರೆ ಕಿಲೋಮೀಟರಿಗೆ ಒಂದರಂತೆ 1,600ಕ್ಕೂ ಜಾಸ್ತಿ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಒಂದೊಂದರಲ್ಲೂ 12 ಟನ್ ಶುದ್ಧ ನೀರು. ಸುತ್ತಲೂ ಆಕಾಶ ನೋಡುವ 27 ದೂರದರ್ಶಕಗಳು. 1930ರ ದಶಕದ ಕೊನೆಯಲ್ಲಿ ಈ ಕಣಮಳೆಗಳನ್ನು ಕಂಡ ಫ್ರಾನ್ಸಿನ ವಿಜ್ಞಾನಿ ಪಿಯರ್ ಓಜೆ ಅವರ ಹೆಸರನ್ನೇ ಈ ವೀಕ್ಷಣಾಲಯಕ್ಕೆ ಇಟ್ಟಿದ್ದಾರೆ.

ಓಜೆ ವೀಕ್ಷಣಾಲಯದ ತಂಡದ ಉಪಾಯ ಹೀಗಿದೆ. ಕತ್ತಲೆ ರಾತ್ರಿಗಳಲ್ಲಿ ತೊಟ್ಟಿಗಳೂ ದೂರದರ್ಶಕಗಳೂ ಒಟ್ಟಿಗೆ ಕಂಡ ಕೆಲವು ಸಾವಿರ ಮಳೆಗಳನ್ನು ಆರಿಸಿಕೊಳ್ಳುತ್ತಾರೆ. ತೊಟ್ಟಿಯಲ್ಲಿ ಇಷ್ಟು ಸಂಕೇತ ಬಂದರೆ ಶಕ್ತಿ ಇಷ್ಟು ಎಂಬ ಪಟ್ಟಿಯನ್ನು ಅವುಗಳಿಂದಲೇ ಮಾಡಿಕೊಳ್ಳುತ್ತಾರೆ. ಆಮೇಲೆ ಹಗಲೂ ರಾತ್ರಿ ತೊಟ್ಟಿಗಳೇ ಸಾಕು.

ಓರೆಯಾಗಿ ಬಂದ ಮಳೆ ಹೆಚ್ಚು ಗಾಳಿ ದಾಟಿ ಸೊರಗಿರುತ್ತದೆ. ಅದಕ್ಕೂ ಮಾದರಿಯ ಮೊರೆ ಹೋಗದ ದಾರಿ ಇದೆ. ಕಾಸ್ಮಿಕ್ ಕಿರಣಗಳು ಎಲ್ಲ ದಿಕ್ಕಿನಿಂದಲೂ ಹೆಚ್ಚುಕಡಿಮೆ ಒಂದೇ ಸಮನಾಗಿ ಬರುತ್ತವೆ. ನೆತ್ತಿಯ ಮೇಲಿಂದ ಬಂದ ಮಳೆಗಳನ್ನು ಸಂಕೇತದ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿ. ಓರೆಯಾಗಿ ಬಂದವನ್ನೂ ಹಾಗೆಯೇ ನಿಲ್ಲಿಸಿ. ಎರಡೂ ಕಡೆ ಬಲೆಯ ಹರವು ಸಮವಾಗಿದ್ದರೆ, ಎರಡೂ ಸಾಲಿನ ನೂರನೆಯ ಮಳೆಯ ಶಕ್ತಿ ಒಂದೇ ಇರಬೇಕು. ಸಂಕೇತದಲ್ಲಿ ವ್ಯತ್ಯಾಸ ಕಂಡರೆ ಅದು ಗಾಳಿ ನುಂಗಿದ ಪಾಲು. ಯಾವ ಸಿದ್ಧಾಂತವೂ ಬೇಡ, ಬರೀ ಸಾಲು ನಿಲ್ಲಿಸುವ ಕೆಲಸ.

ಹೀಗೆ ಅಳೆದಾಗ ಕುಸಿತ ಸ್ಪಷ್ಟವಾಗಿ ಕಂಡಿತು. 2020ರಲ್ಲಿ ಓಜೆ ತಂಡ ಎರಡು ಲಕ್ಷಕ್ಕೂ ಜಾಸ್ತಿ ಮಳೆಗಳ ಲೆಕ್ಕ ಪ್ರಕಟಿಸಿತು. ಕುಸಿತ ಸುಮಾರು 46 ಎಕ್ಸಾದಲ್ಲಿ. ಅದಕ್ಕೂ ಮೊದಲು, 13 ಎಕ್ಸಾದ ಹತ್ತಿರ, ಇನ್ನೊಂದು ಹೊಸ ಬಾಗು. ಅಗಾಸಾದ ಶಕ್ತಿಗಳು ಮೇಲಕ್ಕೆ ಸರಿದಿದ್ದವು ಎನ್ನುವುದು ಈಗ ಹೆಚ್ಚಿನವರು ಒಪ್ಪುವ ಮಾತು.

ಆದರೂ ತಕ್ಕಡಿಯ ಜಗಳ ಪೂರ್ತಿ ಮುಗಿದಿಲ್ಲ. ಯೂಟಾದಲ್ಲಿ ಈಗ ಟೆಲಿಸ್ಕೋಪ್ ಅರೇ ಎಂಬ ಪ್ರಯೋಗ ಇದೆ. ಅಲ್ಲಿ 507 ಪ್ಲಾಸ್ಟಿಕ್ ಡಿಟೆಕ್ಟರ್‌ಗಳು ಮಾದರಿಯಿಂದ ಹೇಳಿದ ಶಕ್ತಿಯನ್ನು, ಆಕಾಶ ನೋಡುವ ದೂರದರ್ಶಕ ಹೇಳುವ ಶಕ್ತಿಗೆ ಹೋಲಿಸಿ, 1.27ರಿಂದ ಭಾಗಿಸಿ ಇಳಿಸಬೇಕಾಯಿತು. ಅಂದರೆ ಬರೀ ನೆಲದ ಲೆಕ್ಕ ನಂಬಿದ್ದರೆ ಶಕ್ತಿ ಕಾಲು ಪಾಲಿಗೂ ಜಾಸ್ತಿ ಉಬ್ಬುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೂ ಓಜೆ ಮತ್ತು ಯೂಟಾದ ಗೆರೆಗಳು ಅತಿ ಹೆಚ್ಚಿನ ಶಕ್ತಿಯಲ್ಲಿ ಒಂದಕ್ಕೊಂದು ಕೂಡುವುದಿಲ್ಲ. ಒಬ್ಬರು ನೋಡುವುದು ದಕ್ಷಿಣದ ಆಕಾಶ, ಇನ್ನೊಬ್ಬರು ಉತ್ತರದ್ದು. ವ್ಯತ್ಯಾಸ ಆಕಾಶದ್ದೋ ತಕ್ಕಡಿಯದ್ದೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. 2021ರ ಮೇ 27ರಂದು ಯೂಟಾ ಕಂಡ 244 ಎಕ್ಸಾದ ‘ಅಮತೆರಾಸು’ ಕಣದ ಸುದ್ದಿ ಓದುವಾಗಲೂ ಈ ಮಾತು ನೆನಪಿರಲಿ. 1991ರಲ್ಲಿ ಅದೇ ಯೂಟಾದಲ್ಲಿ ಕಂಡ ಕಣದ ಶಕ್ತಿ 320 ಎಕ್ಸಾ ಎಂದು ಅಂದಾಜಿಸಿದ್ದರು. ಗಂಟೆಗೆ 90 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನ ಶಕ್ತಿ, ಒಂದೇ ಒಂದು ಕಣದಲ್ಲಿ!

ಮತ್ತೆ ಊಟಿಗೆ

ಊಟಿಯ 166 ಟೆರಾಕ್ಕೆ ಈಗ ಮರಳಬಹುದು. ಗ್ರೇಪ್ಸ್-3 ದಿನಕ್ಕೆ ಲಕ್ಷಗಟ್ಟಲೆ ಮಳೆಗಳನ್ನು ದಾಖಲಿಸುತ್ತದೆ. ಈ ಲೆಕ್ಕಕ್ಕೆ ಬಳಸಿದ್ದು 2014ರ ಜನವರಿಯಿಂದ 2015ರ ಅಕ್ಟೋಬರ್‌ವರೆಗಿನ ದಾಖಲೆ. ಉಪಕರಣ ಸರಿಯಾಗಿ ನಡೆದ ಅವಧಿ 460 ದಿನ. ನಡುಭಾಗ ಅಂಗಳದ ಒಳಗೇ ಬಿದ್ದ, ಚೆನ್ನಾಗಿ ಅಳೆಯಲು ಸಿಕ್ಕ ಮಳೆಗಳನ್ನು ಮಾತ್ರ ಉಳಿಸಿಕೊಂಡರು. ಉಳಿದದ್ದು 78 ಲಕ್ಷ. ಪ್ರತಿ ಮಳೆಯಲ್ಲೂ ಎಷ್ಟು ಮ್ಯೂಯಾನ್ ಬಂದವು ಎಂದು ಎಣಿಸಿ, ಹಗುರ ಕಣಗಳ ಮತ್ತು ಭಾರ ಕಣಗಳ ಪಾಲನ್ನು ಬೇರೆ ಮಾಡಿದರು. ಒಂದೊಂದೇ ಮಳೆಗೆ ‘ಇದು ಪ್ರೋಟಾನ್’ ಎಂದು ಚೀಟಿ ಅಂಟಿಸಲು ಆಗುವುದಿಲ್ಲ. ಇಡೀ ಗುಂಪಿನಲ್ಲಿ ಪ್ರೋಟಾನ್ ಪಾಲು ಎಷ್ಟು ಎಂದು ಮಾತ್ರ ಹೇಳಬಹುದು. ಹೀಗೆ 50 ಟೆರಾದಿಂದ 1.3 ಪೆಟಾವರೆಗೆ ಪ್ರೋಟಾನ್‌ಗಳ ಗೆರೆ ಸಿಕ್ಕಿತು.

ಆ ಗೆರೆ ಒಂದೇ ಓಟದಲ್ಲಿ ಇಳಿಯುವುದಿಲ್ಲ. 166 ಟೆರಾದ ಆಚೆ ಇಳಿಜಾರು ಸ್ವಲ್ಪ ಮಟ್ಟಸವಾಗುತ್ತದೆ. ಅಂದರೆ ನಿರೀಕ್ಷೆಗಿಂತ ಹೆಚ್ಚು ಪ್ರೋಟಾನ್‌ಗಳು ಬರುತ್ತಿವೆ. ಹಳೆಯ ಚಿತ್ರದಲ್ಲಿ ಇದಕ್ಕೆ ಜಾಗ ಇರಲಿಲ್ಲ. 1958ರಲ್ಲಿ ಮಾಸ್ಕೋದ ಕುಲಿಕೋವ್ ಮತ್ತು ಕ್ರಿಸ್ಟಿಯಾನ್ಸೆನ್ ಕೆಲವು ಪೆಟಾಗಳ ಹತ್ತಿರ ಗೆರೆ ಕೆಳಕ್ಕೆ ಬಾಗುವುದನ್ನು ಕಂಡಿದ್ದರು. ಅದಕ್ಕೆ ‘ಮಂಡಿ’ ಎಂದು ಹೆಸರು. ಮಂಡಿಯವರೆಗೆ ಒಂದೇ ನೇರ ಇಳಿಜಾರು, ಅಲ್ಲಿ ನಮ್ಮ ಗ್ಯಾಲಕ್ಸಿಯ ಸಾಮಾನ್ಯ ವೇಗವರ್ಧಕಗಳ ತಾಕತ್ತು ಮುಗಿಯುತ್ತದೆ, ಬಹುಶಃ ಸಿಡಿದ ನಕ್ಷತ್ರಗಳ ಅವಶೇಷಗಳೇ ಅವು ಎನ್ನುವುದು ಪಠ್ಯಪುಸ್ತಕದ ಕಥೆ. ನಡುವೆ ಇನ್ನೊಂದು ಬಾಗು ಇದ್ದರೆ, ಒಂದೇ ಬಗೆಯ ಮೂಲಗಳಿಂದ ಎಲ್ಲ ಕಣಗಳೂ ಬರುತ್ತಿವೆ ಎನ್ನುವುದು ಕಷ್ಟವಾಗುತ್ತದೆ.

ಇದು ಅಗಾಸಾದ ಕಥೆಯ ಹಾಗೆ ಆಗುವುದಿಲ್ಲ ಎಂದು ಹೇಗೆ ನಂಬುವುದು? ನನ್ನ ಮಟ್ಟಿಗೆ ಈ ಕೆಲಸದ ಬೆಲೆ ಇರುವುದು 50 ಟೆರಾ ಎಂಬ ಆರಂಭದ ಸಂಖ್ಯೆಯಲ್ಲಿ. ನೆಲದ ಡಿಟೆಕ್ಟರ್‌ಗಳು ಸಾಮಾನ್ಯವಾಗಿ ಅಷ್ಟು ಕೆಳಗೆ ಇಳಿಯಲಾರವು. ಅಷ್ಟು ಸಣ್ಣ ಮಳೆ ನೆಲಕ್ಕೆ ಬರುವಷ್ಟರಲ್ಲಿ ಬತ್ತಿರುತ್ತದೆ. ಎತ್ತರದ ಗುಡ್ಡ ಮತ್ತು 8 ಮೀಟರಿನ ಒತ್ತೊತ್ತಾದ ಸಾಲುಗಳಿಂದ ಊಟಿಗೆ ಅದು ಸಾಧ್ಯವಾಯಿತು. ಮೇಲಿಂದ ಉಪಗ್ರಹಗಳೂ ಈಗ ಇದೇ ವಲಯಕ್ಕೆ ಏರಿ ಬಂದಿವೆ. ಹೀಗಾಗಿ ಒಂದೇ ಶಕ್ತಿಯ ಕಣವನ್ನು ನೇರವಾಗಿ ಹಿಡಿದವರ ಲೆಕ್ಕವನ್ನೂ, ಮಳೆ ನೋಡಿ ಊಹಿಸಿದವರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಚೀನಾದ ಡ್ಯಾಂಪೆ ಉಪಗ್ರಹ 2015ರ ಡಿಸೆಂಬರ್‌ನಲ್ಲಿ ಹಾರಿತು. ಪ್ರೋಟಾನ್ ಮತ್ತು ಹೀಲಿಯಂ ಎರಡನ್ನೂ ಕೂಡಿಸಿ ಎಣಿಸಿದಾಗ ಸುಮಾರು 150 ಟೆರಾದಲ್ಲಿ ಅದಕ್ಕೂ ಇಂಥದ್ದೇ ಬಾಗು ಕಂಡಿದೆ. ಎರಡು ಪೂರ್ತಿ ಬೇರೆ ತಕ್ಕಡಿಗಳು, ಒಂದು ಬಾಹ್ಯಾಕಾಶದಲ್ಲಿ, ಒಂದು ನೀಲಗಿರಿಯಲ್ಲಿ. ಇಷ್ಟು ಹತ್ತಿರದ ಉತ್ತರ ಬಂದಿರುವುದರಿಂದ ನಾನು ಈ ಬಾಗನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ.

ಮೇಲಿನ ತುದಿಯಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಲಾಸೋ ಎಂಬ ವೀಕ್ಷಣಾಲಯ ಇದೆ, 4,410 ಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಪೆಟಾ ಶಕ್ತಿಯ ಮಳೆಗಳು ತಮ್ಮ ತುಟ್ಟತುದಿಯ ಹತ್ತಿರವೇ ಸಿಗುತ್ತವೆ, ಏರಿಳಿತ ಕಡಿಮೆ. ಅಲ್ಲಿನವರು ಎಲೆಕ್ಟ್ರಾನ್‌ಗಳ ಸಂಖ್ಯೆಗೆ ಮ್ಯೂಯಾನ್‌ಗಳ ಸಂಖ್ಯೆಯ 2.8 ಪಟ್ಟನ್ನು ಕೂಡುತ್ತಾರೆ. ಕಬ್ಬಿಣದಲ್ಲಿ ಒಂದು ಕಡಿಮೆಯಾದರೆ ಇನ್ನೊಂದು ಜಾಸ್ತಿ ಇರುತ್ತದಲ್ಲ, ಎರಡೂ ಸರಿದೂಗಿ ಕಣ ಯಾವುದೇ ಇದ್ದರೂ ಶಕ್ತಿ ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. 2024ರಲ್ಲಿ ಅವರು ಎಲ್ಲ ಕಣಗಳ ಮಂಡಿಯನ್ನು 3.67 ಪೆಟಾದಲ್ಲಿ ಗುರುತಿಸಿದರು. ಮರುವರ್ಷ ಪ್ರೋಟಾನ್‌ಗಳನ್ನೇ ಬೇರೆ ಮಾಡಿ, ಅವುಗಳ ಮಂಡಿಯೂ 3 ಪೆಟಾದ ಆಸುಪಾಸಿನಲ್ಲೇ ಇದೆ ಎಂದರು. ಕಬ್ಬಿಣದ ವಿದ್ಯುದಂಶ ಪ್ರೋಟಾನಿನ 26 ಪಟ್ಟು. ವಿದ್ಯುದಂಶ ಹೆಚ್ಚಿದಷ್ಟೂ ಬಿಗಿಯಾಗುವ ಕಾಂತಕ್ಷೇತ್ರದ ಹಿಡಿತದಿಂದಲೇ ಮಂಡಿ ಬರುವುದಾದರೆ ಕಬ್ಬಿಣದ ಮಂಡಿ 26 ಪಟ್ಟು ಮೇಲೆ, ಅಂದರೆ ಸುಮಾರು 80 ಪೆಟಾದಲ್ಲಿ ಇರಬೇಕು. ಜರ್ಮನಿಯ ಕಾರ್ಲ್ಸ್‌ರೂಹೆಯ ಕಾಸ್ಕೇಡ್-ಗ್ರಾಂಡೆ ಪ್ರಯೋಗ 2011ರಲ್ಲಿ ಭಾರ ಕಣಗಳ ಬಾಗನ್ನು ಕಂಡಿದ್ದು ಅಲ್ಲಿಯೇ. ಬೇರೆ ಬೇರೆ ಊರಿನ, ಬೇರೆ ಬೇರೆ ಕಾಲದ ತುಂಡುಗಳು ಹೀಗೆ ಕೂಡಿಕೊಳ್ಳುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ.

ಒಂದು ಅನುಮಾನ ಮಾತ್ರ ಎಲ್ಲರ ಬೆನ್ನ ಹಿಂದೆ ಇದೆ. ಮ್ಯೂಯಾನ್ ಎಣಿಸಿ ಕಣದ ಗುರುತು ಹೇಳಬೇಕಾದರೆ, ಪ್ರೋಟಾನಿಗೆ ಎಷ್ಟು, ಕಬ್ಬಿಣಕ್ಕೆ ಎಷ್ಟು ಎಂದು ಮೊದಲೇ ಗೊತ್ತಿರಬೇಕು. ಅದನ್ನು ಹೇಳುವುದು ಕಂಪ್ಯೂಟರ್ ಮಾದರಿಗಳು. ಆ ಮಾದರಿಗಳಲ್ಲೇ ಹುಳುಕಿದೆ. ಓಜೆ ತಂಡ 2016ರಲ್ಲಿ ಹೋಲಿಸಿ ನೋಡಿದಾಗ, ನಿಜವಾದ ಮಳೆಯಲ್ಲಿ ಮ್ಯೂಯಾನ್‌ಗಳಿಗೆ ಕಾರಣವಾಗುವ ಪಾಲು ಮಾದರಿಗಳು ಹೇಳಿದ್ದಕ್ಕಿಂತ ಶೇ 30ರಿಂದ 60ರಷ್ಟು ಜಾಸ್ತಿ ಇತ್ತು. ಅದು ಊಟಿಯ ಶಕ್ತಿಗಿಂತ ಎಷ್ಟೋ ಮೇಲಿನ ಮಾತು ನಿಜ. ಆದರೂ ಮಾದರಿಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಓಜೆ ತಂಡದವರು ಹೆಚ್ಚಿನ ತೊಟ್ಟಿಗಳ ನೆತ್ತಿಯ ಮೇಲೆ ಒಂದೊಂದು ಪ್ಲಾಸ್ಟಿಕ್ ಡಿಟೆಕ್ಟರ್ ಕೂರಿಸಿರುವುದು ಇದಕ್ಕಾಗಿಯೇ. ತೊಟ್ಟಿ ಮತ್ತು ಪ್ಲಾಸ್ಟಿಕ್ ಎರಡೂ ಎಲೆಕ್ಟ್ರಾನ್ ಮತ್ತು ಮ್ಯೂಯಾನ್‌ಗಳಿಗೆ ಬೇರೆ ಬೇರೆ ರೀತಿ ಸ್ಪಂದಿಸುತ್ತವೆ. ಎರಡನ್ನೂ ಹೋಲಿಸಿದರೆ ಮ್ಯೂಯಾನ್ ಪಾಲು ಹೊರಬೀಳುತ್ತದೆ. ಊಟಿಯಲ್ಲೂ ಎರಡನೆಯ ಮ್ಯೂಯಾನ್ ದೂರದರ್ಶಕದ ಕೆಲಸ ಕೈಗೆತ್ತಿಕೊಂಡಿದ್ದಾರೆ.

2025ರ ಜುಲೈನಲ್ಲಿ ಎಲ್‌ಎಚ್‌ಸಿಯಲ್ಲಿ ಮೊದಲ ಸಲ ಪ್ರೋಟಾನ್‌ಗಳನ್ನು ಆಮ್ಲಜನಕದ ಬೀಜಕಣಗಳಿಗೆ ಡಿಕ್ಕಿ ಹೊಡೆಸಿದರು. ನಮ್ಮ ತಲೆಯ ಮೇಲೆ ದಿನವೂ ನಡೆಯುವುದೂ ಹೆಚ್ಚುಕಡಿಮೆ ಅದೇ ಡಿಕ್ಕಿ. ಆ ಅಳತೆಗಳನ್ನು ಇಟ್ಟುಕೊಂಡು ಮಾದರಿಗಳನ್ನು ತಿದ್ದಬಹುದು. ಊಟಿಯ 78 ಲಕ್ಷ ಮಳೆಗಳು ದಾಖಲೆಯಲ್ಲಿ ಹಾಗೇ ಇವೆ. ಯಾವ ಪೆಟ್ಟಿಗೆ ಎಷ್ಟು ಮಿನುಗಿತು, ಯಾವ ಕೊಳವೆಯಲ್ಲಿ ಮ್ಯೂಯಾನ್ ಹಾಯಿತು ಎಂಬ ಒಂದು ಅಂಕಿಯೂ ಬದಲಾಗುವುದಿಲ್ಲ. ಮಾದರಿಗಳು ತಿದ್ದುಪಡಿಯಾದಾಗ ಅದೇ ಮಳೆಗಳನ್ನು ಹೊಸ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ, ಬಾಗು 166ರಲ್ಲೇ ನಿಲ್ಲುತ್ತದೋ ಅತ್ತಿತ್ತ ಸರಿಯುತ್ತದೋ ನೋಡಬಹುದು.